ಮಡಿಲಿನಲ್ಲಿ ನಲವತ್ತನಾಲ್ಕು ಡಿಗ್ರಿ

ಫೆಬ್ರವರಿ ೩, ಮಂಗಳವಾರ

ದಿನವೂ ನನ್ನ ಹೆಂಡತಿ ಏನನ್ನು ಮುಟ್ಟಿದಳು, ಅದು ಎಷ್ಟು ಬಿಸಿಯಿತ್ತು, ಮೈಮೇಲೆ ಎಲ್ಲಾದರೂ ಗಾಯವಾಯಿತೇ ಎಂದು ಬರೆದಿಡಲು ಫಿಸಿಯೋ ಮೇಡಂ ಹೇಳಿದ್ದಾರೆ. ಅದಕ್ಕೆಂದೇ ಈ ನೋಟ್‌ಬುಕ್ಕು ತಂದೆ. ಮೂವತ್ತು ವರ್ಷದಿಂದ ಮರಕ್ಕೆ ಪಾಲಿಶ್ ಹಾಕುವವನು ನಾನು. ಡಬ್ಬಿಗಳ ಮೇಲೆ ಚೀಟಿ ಬರೆದದ್ದು ಬಿಟ್ಟರೆ ಬರವಣಿಗೆ ಗೊತ್ತಿಲ್ಲ. ಅವಳದು ಪುಸ್ತಕಗಳ ಕರಡು ತಿದ್ದುವ ಕೆಲಸ. ಇದು ಅವಳ ಕೈಗೆ ಸಿಕ್ಕರೆ ಮೊದಲ ಪುಟದಲ್ಲೇ ಹತ್ತು ತಪ್ಪು ಹುಡುಕುತ್ತಾಳೆ. ಆದ್ದರಿಂದ ಇದು ನನ್ನ ಪಾಲಿಶ್ ಬಟ್ಟೆಗಳ ಚೀಲದಲ್ಲಿ ಇರಲಿ.

ಇವತ್ತು ಹೊಸ ಲ್ಯಾಪ್‌ಟಾಪ್ ಬಂತು. ಹಳೆಯದರ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿತ್ತು. ಆಸ್ಪತ್ರೆಯಿಂದ ಬಂದಮೇಲೆ ಅವಳಿಗೆ ಸದ್ದು ಕಂಡರೆ ಆಗುವುದಿಲ್ಲ. ಅಂಗಡಿಯವನು ಇದನ್ನು ತೋರಿಸಿ, "ಇದರಲ್ಲಿ ಫ್ಯಾನೇ ಇಲ್ಲ ಮೇಡಂ. ಸದ್ದಿಲ್ಲ, ಧೂಳಿಲ್ಲ" ಎಂದ.

"ಹಾಗಾದ್ರೆ ಒಳಗಿನ ಬಿಸಿ ಎಲ್ಲಿಗೆ ಹೋಗತ್ತೆ?" ಎಂದು ಕೇಳಿದೆ.

"ಮೈಯಿಂದಾನೇ ಹೋಗತ್ತೆ ಸಾರ್. ಇದರ ಮೈಯೇ ಇದಕ್ಕೆ ಫ್ಯಾನು."

ಅವಳು ಕಡುನೀಲಿ ಬಣ್ಣದ್ದನ್ನು ಆರಿಸಿದಳು. ಕಡುಬಣ್ಣ ಬೇಡ, ಸಣ್ಣ ಗೆರೆ ಬಿದ್ದರೂ ಎದ್ದು ಕಾಣುತ್ತದೆ, ಬೂದುಬಣ್ಣದ್ದು ತಗೋ ಎಂದೆ. "ಗೆರೆ ಬಿದ್ರೆ ಬೀಳಲಿ. ಬೂದುಬಣ್ಣ ಆಸ್ಪತ್ರೇಲಿ ಸಾಕಷ್ಟು ನೋಡಿದೀನಿ" ಎಂದಳು.

ಅಕ್ಟೋಬರಿನಲ್ಲಿ ಅವಳ ಪಾದಗಳಿಗೆ ಜೋಮು ಹಿಡಿಯಿತು. ಹತ್ತೇ ದಿನದಲ್ಲಿ ಅದು ಸೊಂಟದವರೆಗೆ ಹತ್ತಿ, ಕೈಗಳಿಗೂ ಬಂತು. ನರಗಳ ಕಾಯಿಲೆ ಎಂದರು. ಎರಡು ತಿಂಗಳು ಆಸ್ಪತ್ರೆ. ಈಗ ಬಲ ಬಂದಿದೆ. ಕೋಲು ಹಿಡಿದು ನಡೆಯುತ್ತಾಳೆ, ಬೆರಳುಗಳು ಹೇಳಿದ ಮಾತು ಕೇಳುತ್ತವೆ. ಬಾರದೆ ಉಳಿದದ್ದು ಸ್ಪರ್ಶ. ಮೊಣಕೈಯಿಂದ ಕೆಳಗೆ, ಸೊಂಟದಿಂದ ಕೆಳಗೆ, ಬಿಸಿ ತಣ್ಣಗೆ ಒಂದೂ ತಿಳಿಯುವುದಿಲ್ಲ. ನರ ದಿನಕ್ಕೆ ಒಂದು ಮಿಲಿಮೀಟರ್ ಬೆಳೆಯುತ್ತದಂತೆ. ಕಾಯಿರಿ ಎಂದಿದ್ದಾರೆ ಡಾಕ್ಟರು.

ಕಾಯುತ್ತಿದ್ದೇನೆ.

ಫೆಬ್ರವರಿ ೭, ಶನಿವಾರ

ಬೆಳಿಗ್ಗೆ ೨೯ ಡಿಗ್ರಿ. ಎರಡು ಗಂಟೆ ಕೆಲಸ ಮಾಡಿದ ಮೇಲೆ ೩೩. ಸ್ಕ್ಯಾನ್ ಮಾಡಿದ ಪುಟಗಳನ್ನೆಲ್ಲ ಒಟ್ಟಿಗೆ ತೆರೆದಾಗ ೩೮. ಎಲ್ಲಕ್ಕಿಂತ ಹೆಚ್ಚು ಬಿಸಿ ಅಡಿಯಲ್ಲಿ, ಪರದೆ ಮಡಚುವ ಕೀಲಿನ ಹತ್ತಿರ.

ಬಿಸಿ ಅಳೆಯುವ ಪಿಸ್ತೂಲು ನಮ್ಮ ಕಾರ್ಖಾನೆಯದು. ಪಾಲಿಶ್ ಒಣಗಿಸುವಾಗ ಹಲಗೆಗೆ ಗುರಿಯಿಟ್ಟು ಗುಂಡಿ ಒತ್ತಿದರೆ ಡಿಗ್ರಿ ತೋರಿಸುತ್ತದೆ. ಹೊಳೆಯುವ ಲೋಹದ ಮೇಲೆ ಸುಳ್ಳು ಹೇಳುತ್ತದೆಂದು ಅಡಿಯಲ್ಲಿ ಒಂದು ಚೂರು ಕಪ್ಪು ಟೇಪು ಅಂಟಿಸಿದ್ದೇನೆ.

ಇದರ ಬಣ್ಣ ಬಳಿದದ್ದಲ್ಲ. ಉಗುರಿನಿಂದ ಅಂಚು ನೋಡಿದೆ, ಪದರವೇ ಇಲ್ಲ. ಲೋಹದ ಚರ್ಮಕ್ಕೇ ಬಣ್ಣ ಕುಡಿಸಿದ್ದಾರೆ. ಕೆಲಸಗಾರಿಕೆ ಒಪ್ಪಬೇಕಾದ್ದೇ. ಆದರೆ ಬೆರಳಿನ ಜಿಡ್ಡು ಮಾತ್ರ ಒಂದನ್ನೂ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಮುಚ್ಚಳದ ಮೇಲೆ ಅವಳ ಐದೂ ಬೆರಳು ಹಾಗೇ ಇದ್ದವು. ಒರೆಸಬೇಕೆಂದು ಬಟ್ಟೆ ತೆಗೆದುಕೊಂಡೆ. ಸ್ವಲ್ಪ ಹೊತ್ತು ನೋಡಿ, ಒರೆಸಿದೆ.

ಫೆಬ್ರವರಿ ೧೨, ಗುರುವಾರ

೩೧. ೩೪. ೩೬.

ಮೇಜಿನ ಮುಂದೆ ನೆಟ್ಟಗೆ ಕೂತರೆ ಅರ್ಧ ಗಂಟೆಗೆ ಅವಳ ಬೆನ್ನು ಸೋಲುತ್ತದೆ. ಅದಕ್ಕೇ ಕಿಟಕಿಯ ಪಕ್ಕದ ಒರಗು ಕುರ್ಚಿಯಲ್ಲಿ ಕಾಲು ಚಾಚಿ, ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ಕೆಲಸ ಮಾಡುತ್ತಾಳೆ. ಕೀಲಿಗಳು ತಾಗಿದ್ದು ಗೊತ್ತಾಗದ್ದರಿಂದ ಕುಟ್ಟುತ್ತಾಳೆ. ಫ್ಯಾನಿನ ಸದ್ದು ಹೋಯಿತು, ಈಗ ಈ ಟಕಟಕ.

ಸಂಜೆ ಕೆಲಸದಿಂದ ಬಂದು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ. ದಿನಾ ಹಿಡಿದುಕೊಳ್ಳುತ್ತೇನೆ. ಅವಳು ಪರದೆಯ ಮೇಲೆ ಯಾವುದೋ ವಾಕ್ಯ ಓದುತ್ತಿದ್ದಳು. ಐದು ನಿಮಿಷವಾದರೂ ಆಗಿರಬೇಕು. ಆಮೇಲೆ ಕೆಳಗೆ ನೋಡಿ, "ಓ, ಹಿಡ್ಕೊಂಡಿದೀರಾ? ನೋಡಿರಲಿಲ್ಲ" ಎಂದಳು.

ಬೇಕೆಂದು ಅಂದದ್ದಲ್ಲ. ನನಗೂ ಗೊತ್ತು. ಆದರೂ ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದೆ.

ಫೆಬ್ರವರಿ ೧೮, ಬುಧವಾರ

೩೦. ೩೫. ಮಧ್ಯಾಹ್ನದ್ದು ಗೊತ್ತಿಲ್ಲ, ನಾನಿರಲಿಲ್ಲ.

ಎಡಗಡೆ ಅಂಚಿನಲ್ಲಿ ಗೆರೆ ಬಿದ್ದಿದೆ. ಅವಳ ಕೈಗಡಿಯಾರದ ಕೊಂಡಿ ತಾಗಿ ಆದದ್ದು. ಚಾರ್ಜರ್ ಸಿಕ್ಕಿಸುವ ತೂತಿನ ಸುತ್ತ ನೀಲಿ ಹೋಗಿ ಬೆಳ್ಳಿಯ ಚುಕ್ಕಿಗಳು ಕಾಣುತ್ತಿವೆ. ತೂತು ಬೆರಳಿಗೆ ಸಿಗದೆ ಅಲ್ಲೇ ಇಲ್ಲೇ ಚುಚ್ಚುತ್ತಾಳೆ. ಬಂದು ಹದಿನೈದು ದಿನ! ಯಾವ ವಸ್ತುವಾದರೂ ಮೊದಲು ಸವೆಯುವುದು ಅಂಚಿನಲ್ಲೇ. ಅದು ನನಗೆ ಗೊತ್ತಿರುವ ವಿದ್ಯೆ. ಆದರೂ ಎರಡು ಸಲ ಬಟ್ಟೆಯಿಂದ ಒರೆಸಿ ನೋಡಿದೆ.

"ಗಡಿಯಾರ ತೆಗೆದಿಟ್ಟು ಕೂತ್ಕೋಬಾರದಾ? ಚಾರ್ಜರು ನಾನು ಬೆಳಿಗ್ಗೆ ಸಿಕ್ಕಿಸಿ ಹೋಗ್ತೀನಿ, ನೀನು ಮುಟ್ಟಬೇಡ" ಎಂದೆ.

"ರೀ, ನಾನು ಕೂರೋದು ಕೆಲಸಕ್ಕೆ. ಇದನ್ನೇನು ಶೋಕೇಸಿನಲ್ಲಿ ಇಡಬೇಕಾ?"

"ಹಾಗಲ್ಲ..."

"ನನ್ನನ್ನೂ ಒಳಗಿಟ್ಟು ಗಾಜು ಮುಚ್ಚಿಬಿಡಿ. ಇಬ್ಬರಿಗೂ ಗೆರೆ ಬೀಳಲ್ಲ."

ತಮಾಷೆಗೆ ಅಂದಳೆಂದುಕೊಂಡು ನಕ್ಕೆ. ಅವಳು ನಗಲಿಲ್ಲ.

ಫೆಬ್ರವರಿ ೨೫, ಬುಧವಾರ

ಗಂಟೆಗೊಮ್ಮೆ ಕಾರ್ಖಾನೆಯಿಂದ ಫೋನ್ ಮಾಡುತ್ತೇನೆ. "ಮಡಿಲಿಂದ ಇಳಿಸಿದೆಯಾ? ಹತ್ತು ನಿಮಿಷ ಆರಲಿ." ಮೊದಲೆರಡು ದಿನ "ಹೂಂ" ಅಂದಳು. ನಿನ್ನೆ "ಇಳಿಸಿದೆ ಸ್ವಾಮಿ" ಅಂದಳು. ಇವತ್ತು ಎರಡು ಗಂಟೆಯ ಮೇಲೆ ಎತ್ತಲೇ ಇಲ್ಲ. ಬಿದ್ದಳೇನೋ ಎಂದು ಕೆಲಸ ಬಿಟ್ಟು ಓಡಿ ಬಂದೆ. ಎರಡನೆಯ ಮಹಡಿಗೆ ಒಂದೇ ಉಸಿರಿಗೆ ಹತ್ತಿ ಬಾಗಿಲು ತೆಗೆದರೆ, ಅವಳು ತಣ್ಣಗೆ ಕೂತು ಅಲ್ಪವಿರಾಮ ಹಾಕುತ್ತಿದ್ದಳು.

"ಫೋನು?"

"ಮಂಚದ ಮೇಲಿದೆ. ದಿಂಬಿನ ಕೆಳಗೆ."

"ಯಾಕೆ?"

"ಪುಟಕ್ಕೊಂದು ಸಲ ಬಡ್ಕೊಂಡ್ರೆ ನಾನು ತಿದ್ದೋದು ಹೇಗೆ?"

ಪಿಸ್ತೂಲು ಹಿಡಿದು ನೋಡಿದೆ. ೩೭. ತಪ್ಪೇನಿರಲಿಲ್ಲ. ವಾಪಸು ಕೆಲಸಕ್ಕೆ ಹೋದೆ.

ನಮ್ಮ ಬಡಗಿ, ನನ್ನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದವನು, ಕೇಳಿದ: "ಏನಯ್ಯಾ, ಹೆಂಡ್ತಿಗೆ ಕಾವಲೋ, ಕಂಪ್ಯೂಟರಿಗೆ ಕಾವಲೋ?"

ಮಾರ್ಚ್ ೬, ಶುಕ್ರವಾರ

ಐದೂವರೆಗೆ ಮನೆಗೆ ಬಂದೆ. ಜಾರದಿರಲೆಂದು ಅವಳು ಕಾಲ ಸುತ್ತ ರಜಾಯಿ ಒತ್ತಿ, ಅದರ ಮಡಿಕೆಯೊಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಳು. ಚಾರ್ಜರ್ ಸಿಕ್ಕಿಸಿತ್ತು. ಪ್ರಕಾಶಕರು ಅವಸರ ಮಾಡಿದರಂತೆ. ಹನ್ನೆರಡಕ್ಕೆ ಕೂತವಳು ಎದ್ದಿರಲಿಲ್ಲ. ಮುಟ್ಟಿದೆ. ನನ್ನ ಅಂಗೈ ಪಾಲಿಶಿನ ಸ್ಪಿರಿಟ್ಟಿನಲ್ಲಿ ಒರಟಾಗಿ ಹೋದದ್ದು, ಅದಕ್ಕೂ ಬಿಸಿಯೆನಿಸಿತು. ೪೪ ಡಿಗ್ರಿ.

ಅದರ ಮೈಯೇ ಫ್ಯಾನು ಎಂದಿದ್ದ ಅಂಗಡಿಯವನು. ಆ ಮೈಗೆ ರಜಾಯಿ ಹೊದಿಸಿದರೆ ಅದು ಎಲ್ಲಿಗೆ ಉಸಿರುಬಿಡಬೇಕು?

ಎಡತೊಡೆಯ ಮೇಲೆ ಬಲೆಯ ಹಾಗೆ ಕೆಂಪು ಗೆರೆಗಳು. ನಡುವೆ ರೂಪಾಯಿಯಗಲ ಒಂದು ನೀರುಗುಳ್ಳೆ. ಅವಳು ಬಗ್ಗಿ ನೋಡಿ, "ಅಯ್ಯೋ, ಯಾವಾಗಾಯ್ತು?" ಎಂದಳು, ಬೇರೆ ಯಾರದೋ ಕಾಲಿನ ಮೇಲೆ ನೋಡಿದ ಹಾಗೆ.

ಕೂಗಾಡಿದೆ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ, ಅವಳ ಮೇಲೆ ಹಾಗೆ ದನಿ ಎತ್ತಿದವನಲ್ಲ. ಲ್ಯಾಪ್‌ಟಾಪ್ ಕಿತ್ತುಕೊಂಡು ಮುಚ್ಚಿ ಕಪಾಟಿನ ಮೇಲಿಟ್ಟೆ.

"ಇಳಿಸಿ."

"ಗಾಯ ವಾಸಿಯಾಗಲಿ."

"ರೀ, ಇನ್ನೂ ಇಪ್ಪತ್ತು ಪುಟ ಇದೆ. ಇಳಿಸಿ."

"ಇಲ್ಲ ಅಂದೆನಲ್ಲ!"

ಅವಳು ಕೋಲೂರಿ ಎದ್ದಳು. ಕಪಾಟಿನವರೆಗೆ ಬಂದಳು. ಒಂದು ಕೈ ಮೇಲೆತ್ತಿದಳು. ಇನ್ನೊಂದು ಕೈ ಕೋಲು ಬಿಡುವ ಹಾಗಿರಲಿಲ್ಲ. ಕಪಾಟಿನ ತುದಿಗೆ ಅವಳ ಬೆರಳು ಒಂದು ಗೇಣು ಕಡಿಮೆ. ಹಾಗೇ ನಿಂತಳು. ನಾನು ಮುಲಾಮು ಹುಡುಕುವ ನೆಪದಲ್ಲಿ ಆಚೆ ಹೋದೆ.

ಮಾರ್ಚ್ ೮, ಭಾನುವಾರ

ಅವಳ ಅಕ್ಕ ಬಂದಿದ್ದರು. ಅತ್ತಿಗೆ ಶಾಲೆಯ ವ್ಯಾನ್ ಓಡಿಸುತ್ತಾರೆ, ಊರಿನ ಆ ತುದಿಯಲ್ಲಿ ಮನೆ. ಮಹಡಿಯಲ್ಲ, ಮೆಟ್ಟಿಲಿಲ್ಲ, ನೆಲದ ಮಟ್ಟಕ್ಕೇ ಬಾಗಿಲು. ಬಂದವರು ನೇರ ಕಪಾಟಿನ ಹತ್ತಿರ ಹೋದರು. ಕುರ್ಚಿ ಎಳೆದು ಹತ್ತಿ ಲ್ಯಾಪ್‌ಟಾಪ್ ಇಳಿಸಿದರು. ಬಟ್ಟೆಗಳನ್ನು ಚೀಲಕ್ಕೆ ತುಂಬಿದರು.

"ಅತ್ತಿಗೆ, ಸುಟ್ಟಿದ್ದು ನೋಡಿದ್ರಾ? ನಾನು ಒಳ್ಳೇದಕ್ಕೇ..."

"ನೋಡಿದೆ. ಗಾಯ ಮಾಡಿದ್ದು ಆ ಡಬ್ಬಿ. ಅದು ನಾಲ್ಕು ದಿನಕ್ಕೆ ವಾಸಿಯಾಗತ್ತೆ. ಕಪಾಟಿನ ಮೇಲೆ ಇಟ್ಟಿದ್ದು ನೀವು."

ಅವಳು ಬಾಗಿಲ ಹತ್ತಿರ ನಿಂತು, "ಫ್ರಿಜ್ಜಿನಲ್ಲಿ ಮೊನ್ನೆಯ ತರಕಾರಿ ಇದೆ, ಮೊದಲು ಅದನ್ನ ಮುಗಿಸಿ" ಎಂದಳು. ಅಷ್ಟೇ. ಮೆಟ್ಟಿಲಿಳಿಯುವಾಗ ಹಿಡಿದುಕೊಳ್ಳಲು ಹೋದೆ. ಅಕ್ಕನ ಹೆಗಲು ಹಿಡಿದಿದ್ದಳು.

ಮಾರ್ಚ್ ೯, ಸೋಮವಾರ

ಅಳೆಯಲು ಏನೂ ಇಲ್ಲ.

ಮಾರ್ಚ್ ೧೧, ಬುಧವಾರ

ತರಕಾರಿ ಮುಗಿಯಿತು.

ಮಾರ್ಚ್ ೧೪, ಶನಿವಾರ

ಫೋನ್ ಮಾಡಿದೆ. ಅತ್ತಿಗೆ ಎತ್ತಿದರು. "ಕೆಲಸ ಮಾಡ್ತಿದಾಳೆ" ಎಂದರು. ಹಿಂದೆ ದೂರದಲ್ಲಿ ಟಕಟಕ ಕೇಳಿಸಿತು. "ಸರಿ, ಹಾಗಾದ್ರೆ ಇಡ್ತೀನಿ" ಎಂದವನು ಇಡಲಿಲ್ಲ. ಅತ್ತಿಗೆಯೂ ಇಡಲಿಲ್ಲ. ಒಂದು ನಿಮಿಷ ಇಬ್ಬರೂ ಆ ಸದ್ದು ಕೇಳಿದೆವು. ಆಮೇಲೆ ಅವರು, "ಇನ್ನು ಇಡ್ಲಾ?" ಎಂದು ಕೇಳಿದರು, ಸ್ವಲ್ಪ ಮೆತ್ತಗೆ.

ಮಾರ್ಚ್ ೧೭, ಮಂಗಳವಾರ

ಒಂದು ಹಳೆಯ ತೋಳುಕುರ್ಚಿ ಬಂದಿದೆ ಕಾರ್ಖಾನೆಗೆ. ಬಲತೋಳಿನ ತುದಿಯಲ್ಲಿ ಪಾಲಿಶೆಲ್ಲ ಹೋಗಿ ಮರ ಬೆಣ್ಣೆಯ ಹಾಗೆ ನುಣುಪಾಗಿತ್ತು. ನಲವತ್ತು ವರ್ಷ ಯಾರೋ ಅಲ್ಲಿ ಅಂಗೈ ಉಜ್ಜಿದ್ದಾರೆ. "ಎಲ್ಲ ತೆಗೆದು ಹೊಸದರ ಹಾಗೆ ಮಾಡಿ" ಎಂದು ಹೇಳಿ ಹೋದರು ಮನೆಯವರು. ಸ್ಯಾಂಡ್‌ಪೇಪರ್ ಹಿಡಿದು ಕೂತೆ. ಇಂಥದ್ದು ಸಾವಿರ ತೆಗೆದಿದ್ದೇನೆ. ಇವತ್ತು ಊಟದವರೆಗೆ ಕೂತರೂ ಕೈ ಏಳಲಿಲ್ಲ. ಬಡಗಿ ಬಂದು ಅದನ್ನು ತನ್ನ ಕಡೆ ಎಳೆದುಕೊಂಡ.

ಮನೆಗೆ ಬಂದು ಕಿಟಕಿಯ ಹತ್ತಿರದ ಒರಗು ಕುರ್ಚಿಯಲ್ಲಿ ಕೂತೆ. ಇದುವರೆಗೆ ನಾನು ಅದರಲ್ಲಿ ಕೂತಿರಲೇ ಇಲ್ಲ. ಅಲ್ಲಿಂದ ಎದುರಿನ ಮನೆಯ ತಾರಸಿ ಕಾಣುತ್ತದೆ, ಬಟ್ಟೆ ಒಣಹಾಕುವ ತಂತಿ, ಒಂದು ಮುರುಕು ಸೈಕಲ್ಲು. ದಿನವೆಲ್ಲ ಅವಳು ತಲೆ ಎತ್ತಿದರೆ ಕಾಣುತ್ತಿದ್ದದ್ದು ಇದು. ಕಾಲು ಚಾಚಿದೆ. ಕಪಾಟಿನ ತುದಿ ಇಲ್ಲಿಂದ ಬಹಳ ಎತ್ತರ.

ಮಾರ್ಚ್ ೨೦, ಶುಕ್ರವಾರ

ಹಲಗೆಯೊಂದನ್ನು ಮಾಡುತ್ತಿದ್ದೇನೆ, ಮಡಿಲ ಮೇಲೆ ಇಟ್ಟುಕೊಳ್ಳುವುದಕ್ಕೆ. ಹಗುರ ಮರ. ಕೆಳಗೆ ಎರಡು ಗಿಡ್ಡ ಕಾಲು, ತೊಡೆಗೂ ಹಲಗೆಗೂ ನಡುವೆ ಗಾಳಿ ಆಡುವಷ್ಟು. ಮೇಲೆ ಸೀಳುಗಳು, ಲ್ಯಾಪ್‌ಟಾಪಿನ ಅಡಿಯ ಬಿಸಿ ಇಳಿದುಹೋಗಲು. ಮರಗೆಲಸ ಬಡಗಿಯದು, ಅಂಚು ಉಜ್ಜಿದ್ದು ನಾನು. ಎಲ್ಲಿ ತಾಗಿದರೂ ತರಚಬಾರದು. ತರಚಿದರೆ ಅವಳಿಗೆ ಗೊತ್ತಾಗುವುದಿಲ್ಲ.

ಅರಗಿನ ಪಾಲಿಶ್ ಬಿಸಿಗೆ ಬೆಳ್ಳಗಾಗುತ್ತದೆ. ಅಗಸೆ ಎಣ್ಣೆಯೇ ಸರಿ. ಆದರೆ ಒಂದು ಕೈ ಬಳಿದದ್ದು ಒಣಗಲು ಎರಡು ದಿನ ಬೇಕು.

ಮಾರ್ಚ್ ೨೭, ಶುಕ್ರವಾರ

ನಾಲ್ಕನೆಯ ಕೈ ಎಣ್ಣೆ ಕೊಟ್ಟೆ. ಐದನೆಯದು ಭಾನುವಾರ ಎಂದುಕೊಂಡಿದ್ದೆ.

"ಯಾವಾಗ ತಗೊಂಡು ಹೋಗ್ತೀಯ?" ಎಂದ ಬಡಗಿ.

"ಇನ್ನೂ ಒಣಗಿಲ್ಲ."

"ಎರಡು ಕೈಗೇ ಸಾಕಾಗಿತ್ತು. ಹೋಗೋಕೆ ಭಯ ಅಂತ ಹೇಳು. ಎಣ್ಣೆ ಮೇಲೆ ಯಾಕೆ ಹಾಕ್ತೀಯ?"

ಇವನ ಬಾಯಿಗೆ ಒಂದು ಕೈ ಅರಗು ಬಳಿಯಬೇಕು.

ಮಾರ್ಚ್ ೨೯, ಭಾನುವಾರ

ಹೋಗಿದ್ದೆ. ಎರಡು ಬಸ್ಸು ಬದಲಾಯಿಸಿ, ಹಲಗೆಯನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು.

ಅತ್ತಿಗೆಯ ಮನೆಯ ಮುಂದಿನ ಕೋಣೆಯ ಕಿಟಕಿ ರಸ್ತೆಗೇ ತೆರೆದಿತ್ತು. ಬಾಗಿಲು ತಟ್ಟುವ ಮೊದಲೇ ಅವಳು ಕಂಡಳು. ಸೋಫಾದಲ್ಲಿ ಕಾಲು ಚಾಚಿ ಕೂತಿದ್ದಳು. ಫೋನಿನ ಅಲಾರಂ ಹೊಡೆಯಿತು. ಅವಳು ಅದನ್ನು ನಿಲ್ಲಿಸಿ, ಲ್ಯಾಪ್‌ಟಾಪನ್ನು ಮುಚ್ಚಿ, ಎರಡೂ ಕೈಯಲ್ಲಿ ಎತ್ತಿ, ಅದರ ಅಡಿಭಾಗವನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಕಣ್ಣು ಮುಚ್ಚಿದ್ದಳು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಅದನ್ನು ಪಕ್ಕದ ಸ್ಟೂಲಿನ ಮೇಲೆ ಆರಲು ಇಟ್ಟು, ಕಾಗದದ ಕರಡು ತೆಗೆದುಕೊಂಡಳು.

ನಾನು ಬೀದಿಯಲ್ಲಿ ನಿಂತಿದ್ದೆ. ಐವತ್ತೆರಡು ವರ್ಷದ ಗಂಡಸು, ಒಂದು ತಗಡಿನ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡು.

ಒಳಗೆ ಹೋದಮೇಲೆ ಹೇಳಿದಳು: ಕೆನ್ನೆಗೆ ಎಲ್ಲ ಗೊತ್ತಾಗುತ್ತದಂತೆ. ಅರ್ಧ ಗಂಟೆಗೊಮ್ಮೆ ಅಲಾರಂ, ಕೆನ್ನೆಗೆ ಹಿತವಾಗಿದ್ದರೆ ಮುಂದುವರಿಸುವುದು, ಚುರ್ ಎಂದರೆ ಇಳಿಸುವುದು. ರಜಾಯಿ ಇಲ್ಲ. ಕೆಲಸ ಮಾಡುವಾಗ ಚಾರ್ಜರ್ ಇಲ್ಲ. ಮೂರು ವಾರದಿಂದ ಒಂದು ಕೆಂಪು ಗೆರೆಯೂ ಆಗಿಲ್ಲ. ಪಿಸ್ತೂಲು ತಂದಿದ್ದೆ, ಚೀಲದಿಂದ ತೆಗೆಯಲಿಲ್ಲ.

ಹಲಗೆ ಕೊಟ್ಟೆ. ಮಡಿಲಲ್ಲಿಟ್ಟು ಹತ್ತು ನಿಮಿಷ ಕೆಲಸ ಮಾಡಿ ನೋಡಿದಳು.

"ಎತ್ತರ ಜಾಸ್ತಿ ಆಯ್ತು. ಹೆಗಲು ಎತ್ತಿಕೊಂಡು ಕೂರಬೇಕು."

ಕಾಲು ಗಿಡ್ಡ ಮಾಡಿದರೆ ಗಾಳಿ ಆಡುವುದಿಲ್ಲ ಎಂದು ಬಾಯಿತನಕ ಬಂತು. "ಎಷ್ಟು ಇಳಿಸಲಿ?" ಎಂದು ಕೇಳಿದೆ.

"ಒಂದು ಬೆರಳು. ಒಂದೂವರೆ."

ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ. ಹೊರಡುವ ಮುಂಚೆ ಹೇಳಿದೆ. ಬಸ್ಸಿನಲ್ಲಿ ಬಹಳ ಮಾತು ಜೋಡಿಸಿಕೊಂಡು ಹೋಗಿದ್ದೆ, ಒಂದೂ ನೆನಪಿಗೆ ಬರಲಿಲ್ಲ. "ಕಪಾಟಿನ ಮೇಲೆ ಇಟ್ಟಿದ್ದು ತಪ್ಪು" ಎಂದೆ.

"ಹೂಂ" ಎಂದಳು. ಸ್ವಲ್ಪ ತಡೆದು, "ನನಗೆ ಎಟುಕಲ್ಲ ಅಂತ ನಿಮಗೆ ಗೊತ್ತಿತ್ತು" ಎಂದಳು.

"ಗೊತ್ತಿತ್ತು."

ಬಾ ಎಂದು ಕರೆಯಲಿಲ್ಲ. ಕರೆಯಲು ಮುಖ ಇರಲಿಲ್ಲ. ಬರುತ್ತೇನೆಂದು ಅವಳೂ ಹೇಳಲಿಲ್ಲ.

ಏಪ್ರಿಲ್ ೧, ಬುಧವಾರ

ಕಾಲುಗಳನ್ನು ಒಂದೂವರೆ ಬೆರಳು ಇಳಿಸಿದೆ. ಗಾಳಿಗೆ ಬದಿಯಲ್ಲಿ ಇನ್ನೆರಡು ಸೀಳು. ಕೊಯ್ದ ಜಾಗಕ್ಕೆ ಒಂದೇ ಕೈ ಎಣ್ಣೆ, ಸಾಕು.

ಏಪ್ರಿಲ್ ೫, ಭಾನುವಾರ

ಎಷ್ಟು ಬರೆಯಬೇಕೋ ತಿಳಿಯದು. ನಡೆದಷ್ಟು ಬರೆಯುತ್ತೇನೆ.

ಹಲಗೆ ಸರಿಯಾಯಿತು. ಅವಳು ಏನೂ ಹೇಳಲಿಲ್ಲ, ಕೆಲಸ ಶುರುಮಾಡಿದಳು. ಅವಳು ಮೆಚ್ಚಿದಳೆಂದರೆ ಹಾಗೇ. ಅತ್ತಿಗೆ ವ್ಯಾನ್ ತೊಳೆಯಲು ಹೊರಗೆ ಹೋದರು. ನಾನು ಪಕ್ಕದಲ್ಲಿ ಕೂತಿದ್ದೆ. ತಿದ್ದುತ್ತಿದ್ದ ಪುಸ್ತಕದ ಬಗ್ಗೆ ಕೇಳಿದೆ. ಒಂದು ತಿಂಗಳು ಅವಳ ಮಡಿಲಿನ ಬಿಸಿ ಅಳೆದಿದ್ದೇನೆ, ಆ ಮಡಿಲಲ್ಲಿ ಯಾವ ಪುಸ್ತಕವಿದೆ ಎಂದು ಕೇಳಿರಲಿಲ್ಲ. ಈಗಿನದು ಹಕ್ಕಿಗಳ ವಲಸೆಯ ಪುಸ್ತಕವಂತೆ. ಬರೆದವನು ಎಲ್ಲೆಲ್ಲೂ "ಹಾರಾಟ"ಕ್ಕೆ "ಹೋರಾಟ" ಎಂದು ಬೆರಳಚ್ಚು ಮಾಡಿದ್ದಾನಂತೆ. "ಸಾವಿರಾರು ಹಕ್ಕಿಗಳು ಸಮುದ್ರದ ಮೇಲೆ ಹೋರಾಟ ನಡೆಸಿದವು" ಎಂದು ಓದಿ ಹೇಳಿ ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ನಗುತ್ತ ನಗುತ್ತ ಅಭ್ಯಾಸಬಲದಿಂದ ಅವಳ ಕೈ ಹಿಡಿದೆ.

ಅವಳು ನಗು ನಿಲ್ಲಿಸಿ ಆ ಕೈಯನ್ನು ನೋಡಿದಳು.

"ರೀ, ಅಲ್ಲಿ ನಾನಿಲ್ಲ."

ಅರ್ಥವಾಗಲಿಲ್ಲ.

"ಆರು ತಿಂಗಳಿಂದ ಅಲ್ಲೇ ಹಿಡೀತಿದೀರಿ. ಆಸ್ಪತ್ರೇಲೂ ಅಲ್ಲೇ. ನೀವು ಹಿಡಿದಿದ್ದು ಕಣ್ಣಿಗೆ ಕಾಣತ್ತೆ, ಅಷ್ಟೇ. ನನಗೆ ಬಂದು ಮುಟ್ಟಲ್ಲ. ಪಕ್ಕದ ಮನೆಯವರ ಕೈ ಹಿಡಿದ ಹಾಗೆ. ಪಾಪ, ಇಷ್ಟು ಹೊತ್ತು ಹಿಡ್ಕೊಂಡಿದಾರೆ ಅಂತ ನಾನೇ ಗೊತ್ತಾದ ಹಾಗೆ ಮಾಡ್ತಿದ್ದೆ. ಸಾಕಾಯ್ತು."

"ಮತ್ತೆ ಎಲ್ಲಿ..." ಎಂದೆ. ಕೈ ಬಿಟ್ಟೆ. "ಎಲ್ಲಿ ಹಿಡೀಲಿ?"

"ಇದನ್ನ ಕೇಳೋಕೆ ಆರು ತಿಂಗಳು ಬೇಕಾಯ್ತಾ ನಿಮಗೆ?"

ತಲೆ ಬಗ್ಗಿಸಿ ಜಡೆಯನ್ನು ಮುಂದಕ್ಕೆ ಹಾಕಿಕೊಂಡಳು. ಕತ್ತಿನ ಹಿಂಭಾಗ, ರವಿಕೆಯ ಅಂಚಿನ ಮೇಲೆ. ನನ್ನ ಕೈ ಒರಟು, ಎಷ್ಟು ತೊಳೆದರೂ ಸ್ಪಿರಿಟ್ ವಾಸನೆ. ಇಟ್ಟೆ. ಅವಳ ಹೆಗಲುಗಳು ಕೆಳಗಿಳಿದವು. ಆರು ತಿಂಗಳು ಅವು ಎತ್ತಿಕೊಂಡೇ ಇದ್ದದ್ದು ನನಗೆ ಆಗಲೇ ತಿಳಿದದ್ದು.

"ತಣ್ಣಗಿದೆ ಕೈ" ಎಂದಳು.

"ತೆಗೀಲಾ?"

"ತೆಗೀಬೇಡಿ."

ಅತ್ತಿಗೆ ಚಹಾ ಹಿಡಿದು ಬಂದವರು ಬಾಗಿಲಲ್ಲೇ ತಿರುಗಿ ಹೋದರು. ಚಹಾ ನಮಗೆ ಸಿಗಲೇ ಇಲ್ಲ.

ಏಪ್ರಿಲ್ ೧೨, ಭಾನುವಾರ

ಬಂದಳು. ಶಾಲೆಯ ವ್ಯಾನಿನಲ್ಲಿ, ಮಕ್ಕಳ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು. "ಹೋಂವರ್ಕ್ ಮಾಡಿಲ್ಲ, ಇಳಿಸಬೇಡಿ ಟೀಚರ್" ಎಂದು ಅಕ್ಕನಿಗೆ ಅಂದಳು. ಮೆಟ್ಟಿಲು ಹತ್ತುವಾಗ, ಎಲ್ಲಿ ಹಿಡಿದುಕೊಳ್ಳಲಿ ಎಂದು ಕೇಳಿದೆ. "ಹಿಂದೆ ಬನ್ನಿ, ಸಾಕು" ಎಂದಳು. ಹಿಂದೆ ಬಂದೆ. ಎರಡು ಸಲ ನಿಂತಳು, ಮೂರನೆಯ ಸಲ ನನ್ನ ಎದೆಗೆ ಬೆನ್ನು ಕೊಟ್ಟು ಸುಧಾರಿಸಿಕೊಂಡಳು.

ಏಪ್ರಿಲ್ ೨೨, ಬುಧವಾರ

ಬಿಡುವೇ ಇರಲಿಲ್ಲ ಬರೆಯಲು. ಸಂಜೆ ಅವಳು ಹಕ್ಕಿಗಳ ಪುಸ್ತಕ ಓದಿ ಹೇಳುತ್ತಾಳೆ, ನಾನು ಮೂಲ ಪ್ರತಿ ಹಿಡಿದು ಹೋಲಿಸುತ್ತೇನೆ. ನನಗೂ ಎರಡು ತಪ್ಪು ಸಿಕ್ಕಿದವು. ಒಂದು ತಪ್ಪಲ್ಲವಂತೆ.

ಲ್ಯಾಪ್‌ಟಾಪನ್ನು ಇವತ್ತು ಬೆಳಕಿಗೆ ಹಿಡಿದು ನೋಡಿದೆ. ಎಡ ಅಂಚಿನ ನೀಲಿ ಪೂರಾ ಹೋಗಿದೆ. ಚಾರ್ಜರಿನ ತೂತಿನ ಸುತ್ತ ಬೆಳ್ಳಿ. ಅಂಗೈ ಊರುವ ಕಡೆ ಬಲಕ್ಕಿಂತ ಎಡಗಡೆ ಹೆಚ್ಚು ಹೊಳಪು. ಅಡಿಯಲ್ಲಿ, ಪರದೆಯ ಕೀಲಿನ ಹತ್ತಿರ, ಮಾವಿನಕಾಯಿಯಷ್ಟು ಜಾಗದಲ್ಲಿ ಕೆನ್ನೆಯ ಎಣ್ಣೆ ಕೂತು ಮಸುಕಾಗಿದೆ. ನನ್ನ ಕಪ್ಪು ಟೇಪು ಕಿತ್ತುಹೋಗಿತ್ತು. ಬೇರೆ ಅಂಟಿಸಲಿಲ್ಲ.

"ಏನು ಅಷ್ಟೊಂದು ನೋಡ್ತಿದೀರಾ? ಪಾಲಿಶ್ ಹಾಕಿಬಿಟ್ಟೀರಾ ಮತ್ತೆ!" ಎಂದಳು.

"ಇದಕ್ಕೆ ಹಾಕೋ ಪಾಲಿಶ್ ನನಗೆ ಬರಲ್ಲ" ಎಂದೆ.

ಮೇ ೬, ಬುಧವಾರ

ಡಾಕ್ಟರ ಹತ್ತಿರ ಹೋಗಿದ್ದೆವು. ಸೂಜಿ, ಬ್ರಷ್ಷು, ಬಿಸಿನೀರಿನ ಕೊಳವೆ, ತಣ್ಣೀರಿನ ಕೊಳವೆ. ಅವಳು ಕಣ್ಣು ಮುಚ್ಚಿ ಹೇಳಬೇಕು. ತೊಡೆಗಳಲ್ಲಿ ಮೇಲಿನ ನಾಲ್ಕು ಬೆರಳಷ್ಟು ಸ್ಪರ್ಶ ಬಂದಿದೆ. ಎಡಮುಂಗೈಯಲ್ಲಿ ಸ್ವಲ್ಪ. ಬಲಗೈಯಲ್ಲಿ ಎಲ್ಲಿ ಮುಟ್ಟಿದರೂ ಅವಳು ಸುಮ್ಮನಿದ್ದಳು. ಮುಟ್ಟುತ್ತಿದ್ದಾರೆಂದೇ ಅವಳಿಗೆ ಗೊತ್ತಿರಲಿಲ್ಲ, ಇನ್ನೂ ಶುರುವಾಗಿಲ್ಲ ಎಂದುಕೊಂಡು ಕಾಯುತ್ತಿದ್ದಳು. ನಾನು ಎದುರಿನ ಗೋಡೆ ನೋಡಿದೆ.

ಡಾಕ್ಟರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತರು. "ಕಾಲು ಇನ್ನೂ ಸುಧಾರಿಸಬಹುದು. ಎಡಗೈಯೂ ಒಂದಷ್ಟು. ಬಲಗೈ ಮಾತ್ರ, ನಾನು ಆಸೆ ಹುಟ್ಟಿಸಿ ಹೇಳಲ್ಲ, ಇಷ್ಟೇ ಉಳೀಬಹುದು."

"ಕೀಲಿ ಒತ್ತೋಕೆ ತೊಂದರೆ ಇಲ್ಲ ತಾನೇ?" ಎಂದಳು.

"ಇಲ್ಲ."

"ಹಾಗಾದ್ರೆ ಸರಿ." ಕೈಚೀಲ ಎತ್ತಿಕೊಂಡಳು. ಮುಂದಿನ ತಾರೀಕು ಕೇಳಿದಳು. ಗುಮಾಸ್ತೆಯ ಚೀಟಿಯಲ್ಲಿ ಒಂದು ಕಾಗುಣಿತ ತಪ್ಪಿತ್ತು, ಅದನ್ನೂ ಹೇಳಿದಳು.

ಬಸ್ಸಿನಲ್ಲಿ ಹಿಂದಿನಿಂದ ಮೂರನೆಯ ಸೀಟು ಸಿಕ್ಕಿತು. ಕಿಟಕಿಯ ಕಡೆ ಅವಳು. ಬಸ್ಸು ಎರಡು ನಿಲ್ದಾಣ ದಾಟಿತು. ಆಮೇಲೆ ಬಲಗೈಯನ್ನು ಮಡಿಲಿನಿಂದ ಎತ್ತಿ ನೋಡಿ, ಮತ್ತೆ ಮಡಿಲಲ್ಲಿಟ್ಟು, ಅಳತೊಡಗಿದಳು. ಅಕ್ಟೋಬರಿನಿಂದ ಒಂದು ದಿನವೂ ಅತ್ತಿರಲಿಲ್ಲ. ಸದ್ದಿಲ್ಲದೆ ಅತ್ತಳು, ಅವಳ ಮೈಯೆಲ್ಲ ಅಲುಗುತ್ತಿತ್ತು. ಏನು ಹೇಳಲಿ? ಬರುತ್ತದೆ ಎನ್ನಲೇ? ದಿನಕ್ಕೊಂದು ಮಿಲಿಮೀಟರ್ ಎನ್ನಲೇ? ಕತ್ತಿನ ಹಿಂದೆ ಅಂಗೈಯಿಟ್ಟೆ. ಅವಳು ಹಣೆಯನ್ನು ನನ್ನ ಕುತ್ತಿಗೆಗೆ ಒತ್ತಿದಳು. ಹಣೆ ಸುಡುತ್ತಿತ್ತು. ಅವಳ ಬಿಸಿ ಎಷ್ಟು ತಿಂಗಳಾಗಿತ್ತು ನನಗೆ ತಾಗಿ.

ನಮ್ಮ ನಿಲ್ದಾಣ ಬಂತು. ಮೂಲೆಯ ಔಷಧಿ ಅಂಗಡಿ ಕಂಡಿತು, ಬಾಗಿಲು ತೆರೆಯಿತು, ಇಬ್ಬರ್ಯಾರೋ ಇಳಿದರು, ಬಾಗಿಲು ಮುಚ್ಚಿತು. ನಾನು ಏಳಲಿಲ್ಲ. ಅವಳ ಒಂದು ಕಣ್ಣು ಕಿಟಕಿಯ ಕಡೆಗೇ ಇತ್ತು. ಅವಳೂ ಏಳಲಿಲ್ಲ.

ಬಸ್ಸು ಖಾಲಿಯಾಗುತ್ತ ಬಂತು. ನಾನು ಎಂದೂ ನೋಡಿರದ ರಸ್ತೆಗಳು, ಒಂದು ಟೈರಿನ ಅಂಗಡಿ, ಒಂದು ಆಟದ ಮೈದಾನ. ಕೊನೆಗೆ ಒಂದು ಕಾಂಪೌಂಡಿನ ಪಕ್ಕ ನಿಂತು ಇಂಜಿನ್ ಆರಿತು. ಡ್ರೈವರ್ ಹಿಂದಿರುಗಿ ನೋಡಿದ.

"ಕೊನೇ ಸ್ಟಾಪು. ನೀವೆಲ್ಲಿ ಇಳೀಬೇಕಿತ್ತು?"

ಅವಳು ತಲೆಯೆತ್ತಿ, ನನ್ನ ಅಂಗಿಯ ತೋಳಿಗೇ ಮೂಗು ಒರೆಸಿಕೊಂಡು, "ಐದು ಸ್ಟಾಪು ಹಿಂದೆ. ಇದೇ ಬಸ್ಸು ವಾಪಸ್ ಹೋಗತ್ತಲ್ಲ?" ಎಂದಳು.

"ಹೋಗತ್ತಮ್ಮ. ಹದಿನೈದು ನಿಮಿಷ ನಿಲ್ಲತ್ತೆ."

"ನಿಲ್ಲಲಿ" ಎಂದು, ಮತ್ತೆ ತಲೆ ಒರಗಿಸಿದಳು.